ನಾನು ಓದಿ ಹೇಳಿದ ಹುಕುಂ

ನೀಲಮ್ಮನವರೇ, ಆ ಚಳಿಗಾಲದ ಬೆಳಿಗ್ಗೆ ಹನುಮಸಾಗರದಲ್ಲಿ ನಿಮ್ಮ ತವರುಮನೆಯ ಬಾಗಿಲನ್ನೇ ಕಳಚಿಸಿ ಒಯ್ದವರು ಕೋರ್ಟಿನವರಲ್ಲ. ನಾನು. ಗಂಗಾವತಿಯ ಒಂದು ಖಾಸಗಿ ಫೈನಾನ್ಸಿನಲ್ಲಿ ಸಂಬಳಕ್ಕಿದ್ದ ವಸೂಲಿಯವನು. ನನ್ನ ಕೈಯಲ್ಲಿ ಯಾವ ಹುಕುಮೂ ಇರಲಿಲ್ಲ. ಯಾವ ನ್ಯಾಯಾಧೀಶರೂ ನಿಮ್ಮ ತಂದೆಯ ಹೆಸರನ್ನು ಕೇಳಿರಲಿಲ್ಲ. ನಿಮ್ಮ ಮನೆ ಯಾವತ್ತೂ ಜಪ್ತಿ ಆಗಿಲ್ಲ. ಜಪ್ತಿ ಆಗಿದೆ ಎಂದು ಸುಳ್ಳು ಹೇಳಿದವನು ನಾನು. ಆ ಸುಳ್ಳನ್ನು ಒಂದೇ ಮಾತಿನಲ್ಲಿ ಅಳಿಸಬಹುದಾಗಿದ್ದ ದಿನ ಬಂದಾಗ, ಅಳಿಸದೆ ಸುಮ್ಮನೆ ಕುಳಿತವನೂ ನಾನೇ.

ನೀವು ಆಗ ಒಳಕೋಣೆಯಲ್ಲಿದ್ದಿರಿ. ಚೊಚ್ಚಲ ಬಾಣಂತಿ. ಗಾಳಿ ಸೋಕಬಾರದೆಂದು ನಿಮ್ಮ ತಾಯಿ ಕಿಂಡಿಗಳಿಗೆಲ್ಲ ಅರಿವೆ ತುರುಕಿದ್ದರು. ಹೊರಗೆ ನಡೆದದ್ದನ್ನು ನೀವು ಕೇಳಿರಬಹುದು, ನೋಡಿಲ್ಲ. ಅದಕ್ಕೇ ನೋಡಿದ ಹಾಗೆ ಹೇಳುತ್ತೇನೆ. ಈ ಬರಹವನ್ನು ನಿಮ್ಮೊಬ್ಬರಿಗೇ ಅಂಚೆಯಲ್ಲಿ ಕಳಿಸಬಹುದಿತ್ತು. ಆದರೆ ಸುಳ್ಳನ್ನು ಓಣಿಯವರೆಲ್ಲರ ಎದುರಿಗೆ ಹೇಳಿದ್ದೇನೆ, ಖರೆಯನ್ನು ಗುಟ್ಟಾಗಿ ಹೇಳಿದರೆ — ಅದು ಇನ್ನೊಂದು ಮೋಸ. ಅದಕ್ಕೇ ಇದನ್ನು ವಾರಪತ್ರಿಕೆಗೆ ಕೊಟ್ಟಿದ್ದೇನೆ.

ನಾನು ಯಲಬುರ್ಗಾ ಕಡೆಯವನು. ಅಪ್ಪ ಊರವರ ಕುರಿ ಕಾಯುತ್ತಿದ್ದ. ಅವನಿಗೆ ರುಜು ಹಾಕಲು ಬರುತ್ತಿರಲಿಲ್ಲ. ನಮ್ಮ ಓಣಿಯಲ್ಲಿ ಮೆಟ್ರಿಕ್ ದಾಟಿದವನು ನಾನೊಬ್ಬನೇ, ಬಿ.ಎ. ಮಾಡಿದವನಂತೂ ಸುತ್ತಲಿನ ಹಳ್ಳಿಗಳಲ್ಲಿ ಮೊದಲಿಗ. ಕೊಪ್ಪಳದಲ್ಲಿ ಓದುವಾಗ ವಾರಕ್ಕೊಮ್ಮೆ ಊರಿಂದ ಬಸ್ಸಿನಲ್ಲಿ ಬರುತ್ತಿದ್ದ ಒಣರೊಟ್ಟಿಯ ಗಂಟೇ ನನ್ನ ಊಟ. ಬೇಸಿಗೆಯಲ್ಲಿ ಅದಕ್ಕೆ ಬೂಸಲು ಹತ್ತುತ್ತಿತ್ತು, ಕೆರೆದು ತಿನ್ನುತ್ತಿದ್ದೆ. ಪಾಸಾದ ಮೇಲೆ ಊರಿನ ಗೌಡರು ಮೊದಲ ಸಲ ನನಗೆ ‘ಬರ್ರಿ’ ಎಂದರು. ಮರ್ಯಾದೆಯ ಆ ಒಂದು ‘ರಿ’ಗಾಗಿ ನಾನು ಏನು ಬೇಕಾದರೂ ಮಾಡುತ್ತಿದ್ದೆ. ಮಾಡಿದೆ ಕೂಡ.

ನೌಕರಿ ಮಾತ್ರ ಸಿಗಲಿಲ್ಲ. ಕೊಪ್ಪಳದ ಒಬ್ಬ ವಕೀಲರ ಹತ್ತಿರ ಕೆಲಕಾಲ ಕಾಗದ ನಕಲು ಮಾಡಿದೆ. ಕಾಯಿದೆ ಕಲಿತದ್ದು ಅಲ್ಲೇ. ಸಾಲ ಕೊಟ್ಟವನು ತಾನಾಗಿ ಬಂದು ಸಾಲಗಾರನ ಮನೆಯ ಒಂದು ಚಮಚವನ್ನೂ ಒಯ್ಯುವಂತಿಲ್ಲ. ಅವನು ದಾವೆ ಹಾಕಬೇಕು, ಕೋರ್ಟು ತೀರ್ಪು ಕೊಡಬೇಕು, ಆಮೇಲೆ ಕೋರ್ಟಿನ ಅಮೀನನು ಹುಕುಂ ತಂದು ತೋರಿಸಬೇಕು. ಆಗಲೂ ಅಡುಗೆಯ ಪಾತ್ರೆ, ಹಾಸಿಗೆ, ಹೆಂಗಸಿನ ತಾಳಿ, ಕಸುಬುದಾರನ ಹತಾರ — ಇವನ್ನು ಅಮೀನನೂ ಮುಟ್ಟುವಂತಿಲ್ಲ. ಕೊಟ್ಟ ದುಡ್ಡಿಗೆ ರಶೀದಿ ಕೇಳುವುದು ಸಾಲಗಾರನ ಹಕ್ಕು. ಹೆದರಿಸಿದರೆ ಪೊಲೀಸ್ ಠಾಣೆಗೆ ಹೋಗಿ ಬರೆಸಬಹುದು. ಇದೆಲ್ಲ ನನಗೆ ಬಾಯಿಪಾಠವಿತ್ತು. ಗೊತ್ತಿಲ್ಲದೆ ಮಾಡಿದೆ ಎನ್ನುವ ಬಾಗಿಲು ನನಗೆ ತೆರೆದಿಲ್ಲ.

ಆಮೇಲೆ ಗಂಗಾವತಿಗೆ ಹೋದೆ. ಕಾಲುವೆಯ ನೀರು ಬಂದು ಭತ್ತ ಬೆಳೆದ ಊರು, ರೊಕ್ಕ ಓಡಾಡುತ್ತಿತ್ತು. ಒಬ್ಬ ರೈಸ್‌ಮಿಲ್ಲಿನ ಧಣಿ ಪಕ್ಕದಲ್ಲೇ ಫೈನಾನ್ಸ್ ತೆರೆದಿದ್ದ. ಬಡಗಿ, ಕಮ್ಮಾರ, ದರ್ಜಿ, ಸೈಕಲ್ ಅಂಗಡಿಯವರು — ಇಂಥವರಿಗೆ ಸಾಲ. ನನಗಿಂತ ಮೊದಲು ವಸೂಲಿಗೆ ಇದ್ದವರು ಬೈದು, ಬಡಿದು ತರುತ್ತಿದ್ದರು. ನಾನು ಓದಿದವನು. ಬೈಯುವುದು ಬೇಡ ಎಂದೆ. ಧಣಿಗೆ ಬೇರೆ ಉಪಾಯ ಹೇಳಿಕೊಟ್ಟೆ — ಬಾಕಿದಾರನ ಮನೆಯಲ್ಲಿ ಯಾವಾಗ ಕಾರ್ಯವಿದೆ, ಯಾವಾಗ ಬೀಗರು ಬರುತ್ತಾರೆ ಎಂದು ತಿಳಿದುಕೊಳ್ಳುವುದು. ಅದರ ಹಿಂದಿನ ದಿನ ಹೋಗುವುದು.

ನಮ್ಮ ಕಡೆಯ ಮನೆಗಳು ಬೀಗರಿಗೆ ಎಷ್ಟು ಹೆದರುತ್ತವೆ ಎಂಬುದು ಆ ಧಣಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ನನ್ನ ಅಕ್ಕನ ಗಂಡನ ಕಡೆಯವರು ಬರುವ ದಿನ ನನ್ನವ್ವ ಪಕ್ಕದ ಮನೆಯ ಹಿತ್ತಾಳೆ ತಂಬಿಗೆ ತಂದಿಡುತ್ತಿದ್ದಳು. ನಮ್ಮವರ ಆ ಭಯವನ್ನು ನಾನು ಸಂಬಳಕ್ಕೆ ಮಾರಿದೆ.

ನಿಮ್ಮ ತಂದೆ ಬಡಿಗೇರ ಮೌನೇಶಪ್ಪನವರು ಒಂದು ಸಾಲಿಯ ಬೆಂಚುಗಳ ಕೆಲಸ ಹಿಡಿದು, ಕಟ್ಟಿಗೆಗಾಗಿ ನಮ್ಮಲ್ಲಿ ಸಾಲ ಮಾಡಿದ್ದರು. ಬೆಂಚಿನ ದುಡ್ಡು ಬರುವುದು ತಡವಾಯಿತು. ಆದರೂ ಅಸಲು ಮುಟ್ಟಿಸಿದ್ದರು. ಉಳಿದದ್ದು ಬಡ್ಡಿ, ಬಡ್ಡಿಯ ಮೇಲೆ ಧಣಿ ಹಾಕಿದ ಬಡ್ಡಿ. ರಶೀದಿ ಒಂದೂ ಕೊಟ್ಟಿರಲಿಲ್ಲ. ಅವರು ಕೇಳಿರಲೂ ಇಲ್ಲ. ಕೇಳಿದರೆ ಸಾವ್ಕಾರರ ಮೇಲೆ ನಂಬಿಗೆ ಇಲ್ಲದಂತಾಗುತ್ತದೆ ಎಂದು.

ತಳಕಲ್ಲಿನಿಂದ ನಿಮ್ಮ ಅತ್ತೆ ಮಾವ ಕೂಸನ್ನು ತೊಟ್ಟಿಲಿಗೆ ಹಾಕಲು ಬರುವವರಿದ್ದಾರೆ ಎಂಬ ಸುದ್ದಿ ನಮಗೆ ಮುಟ್ಟಿತು. ಹಿಂದಿನ ದಿನ ಬೆಳಿಗ್ಗೆ ಮಿಲ್ಲಿನ ಜೀಪಿನಲ್ಲಿ ನಾನು ಮತ್ತು ಹುಲಗಪ್ಪ ಹೋದೆವು. ಹುಲಗಪ್ಪ ಮಿಲ್ಲಿನ ಹಮಾಲ, ಆಳೆತ್ತರ, ಎಂಥ ಹೊತ್ತಿನಲ್ಲೂ ನಗಿಸುವವನು.

ನಿಮ್ಮ ತಂದೆ ಪಡಸಾಲೆಯಲ್ಲಿ ಕುಳಿತು ತೊಟ್ಟಿಲಿಗೆ ಎಣ್ಣೆ ಹಚ್ಚುತ್ತಿದ್ದರು. ತಾವೇ ಮಾಡಿದ ತೊಟ್ಟಿಲು. ನನ್ನನ್ನು ಕಂಡು ಎದ್ದರು, ಕೈ ಒರೆಸಿಕೊಂಡರು.

“ಬರ್ರಿ, ಕುಂದರ್ರಿ. ನೀರು ತರಸ್ಲೇನ್ರಿ?”

“ನೀರು ಕುಡಿಯಾಕ ಬಂದಿಲ್ಲ,” ಎಂದೆ.

ನಮ್ಮ ಕಡೆ ನೀರು ಬೇಡ ಎನ್ನುವುದು ಎಂಥ ಮಾತು ಎಂದು ನಿಮಗೆ ಗೊತ್ತು. ಅವರ ಮುಖ ಅಲ್ಲೇ ಸಣ್ಣದಾಯಿತು.

“ಸಾಹೇಬ್ರ, ನಾಳಿ ಬೀಗರು ಬರಾವ್ರದಾರ್ರಿ. ಮಮ್ಮಗಳ್ನ ತೊಟ್ಟಿಲಕ್ಕ ಹಾಕಬೇಕು. ಅದೊಂದು ಆಗ್ಲಿ, ನಾಡದು ನಾನ ಗಂಗಾವತಿಗೆ ಬರ್ತೀನ್ರಿ.”

“ಬೀಗರು ಬರ್ತಾರಂತ ಗೊತ್ತಾಗೇ ಬಂದೀವಿ.”

ಇದನ್ನು ನಾನು ಮೆಲ್ಲಗೆ ಹೇಳಿದೆ. ಮೆಲ್ಲಗೆ ಹೇಳಿದರೆ ಹೆಚ್ಚು ನಾಟುತ್ತದೆ ಎಂದು ಅಷ್ಟರಲ್ಲಿ ಕಲಿತಿದ್ದೆ. ಓಣಿಯವರು ಬಂದು ನಿಂತರು. ಹುಲಗಪ್ಪ ಬಾಗಿಲ ಮೇಲೆ ಕೈಯಾಡಿಸಿ, “ಅಜ್ಜಾ, ಊರಿಗೆಲ್ಲಾ ಬಾಗ್ಲಾ ಮಾಡಿಕೊಟ್ಟಿ, ನಮಗೂ ಒಂದು ಕೊಡು,” ಎಂದ. ಯಾರೋ ನಕ್ಕರು. ನಾನೂ ನಕ್ಕೆ.

ಬಾಗಿಲನ್ನೇ ಯಾಕೆ ಆರಿಸಿದೆ? ಅದರ ಬೆಲೆಗಲ್ಲ. ಪಾತ್ರೆ ಒಯ್ದರೆ ನೆರೆಮನೆಯಿಂದ ತಂದಿಡಬಹುದು. ಬಾಗಿಲು ಹೋದರೆ ತಂದಿಡಲು ಬರುವುದಿಲ್ಲ. ಬೀಗರು ಗಾಡಿ ಇಳಿದ ಕೂಡಲೇ ಕಾಣುವುದು ಅದೇ. ಒಳಗೆ ಹಸಿ ಬಾಣಂತಿ ಇದ್ದಾಳೆ ಎಂಬುದೂ — ಹೌದು, ಅದೂ ನನ್ನ ಲೆಕ್ಕದಲ್ಲಿತ್ತು. ಆ ಭಯಕ್ಕೆ ದುಡ್ಡು ಬೇಗ ಹೊರಬರುತ್ತದೆ ಎಂದುಕೊಂಡಿದ್ದೆ.

ಆಗ ನಿಮ್ಮ ತಂದೆ ಒಂದು ಮಾತು ಕೇಳಿದರು. ತಲೆ ಎತ್ತಿಯೇ ಕೇಳಿದರು.

“ಸಾಹೇಬ್ರ, ನೀವು ಓದಿದವ್ರು. ಕೋರ್ಟಿನ ಹುಕುಂ ಇಲ್ಲದ ಮನಿ ಬಾಗ್ಲಾ ತಗೀಬಹುದೇನ್ರಿ? ಸಾಲಿ ಮಾಸ್ತರು ಹಂಗ ಬರಂಗಿಲ್ಲಂತ ಹೇಳ್ತಿದ್ರು.”

ಇಲ್ಲ, ತೆಗೆಯುವಂತಿಲ್ಲ — ಇದು ಉತ್ತರ. ನನಗೆ ಗೊತ್ತಿದ್ದ ಉತ್ತರ. ಅದನ್ನು ಬಿಟ್ಟು ನಾನು ನನ್ನ ರೆಕ್ಸಿನ್ ಚೀಲ ತೆರೆದೆ. ನೌಕರಿಗೆ ಅರ್ಜಿ ಹಾಕುತ್ತಲೇ ಇದ್ದುದರಿಂದ ನನ್ನ ಬಿ.ಎ. ಪದವಿ ಪತ್ರ ಸದಾ ಅದರಲ್ಲಿರುತ್ತಿತ್ತು. ದಪ್ಪ ಕಾಗದ, ಮೇಲೆ ದೊಡ್ಡ ಮುದ್ರೆ, ಎಲ್ಲ ಇಂಗ್ಲಿಷಿನಲ್ಲಿ. ಅದನ್ನು ಬಿಚ್ಚಿ ಹಿಡಿದೆ.

“ಇದ ಹುಕುಂ.”

ಗಟ್ಟಿಯಾಗಿ ಇಂಗ್ಲಿಷಿನಲ್ಲಿ ಓದಿದೆ. ಅದರಲ್ಲಿದ್ದುದು ನನ್ನ ಹೆಸರು, ನಾನು ಎರಡನೇ ದರ್ಜೆಯಲ್ಲಿ ಪಾಸಾದ ಸಂಗತಿ. ಓದಿ ಮುಗಿಸಿ ಕನ್ನಡದಲ್ಲಿ ಅರ್ಥ ಹೇಳಿದೆ — ಬಡಿಗೇರ ಮೌನೇಶಪ್ಪನ ಮನೆ ಜಪ್ತಿ ಆಗಿದೆ, ಮೊದಲು ಬಾಗಿಲು ಒಯ್ಯಬೇಕು, ಅಡ್ಡ ಬಂದವರನ್ನು ಜೇಲಿಗೆ ಹಾಕಬೇಕು. ಓಣಿಯ ಜನ ಹಿಂದೆ ಸರಿದರು. ನಿಮ್ಮ ತಾಯಿ ಕಾಳಮ್ಮ ಒಳಗಿಂದ ಬಂದರು. ಸೆರಗಿಗೆ ಕೈ ಒರೆಸಿಕೊಂಡು ಆ ಕಾಗದವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. “ಸರಕಾರದ ಕಾಗದ ಐತಿ. ಇಲ್ಲನ್ನಾಕ ಬರಂಗಿಲ್ಲ,” ಎಂದು ಗಂಡನಿಗೆ ಹೇಳಿದರು.

ಆ ಕಾಗದಕ್ಕಾಗಿ ನನ್ನಪ್ಪ ಒಬ್ಬರ ಮನೆಯಲ್ಲಿ ಜೀತದಂತೆ ದುಡಿದಿದ್ದ. ನನ್ನ ಇಡೀ ಓಣಿಯ ಮರ್ಯಾದೆ ಅದರಲ್ಲಿತ್ತು. ಅದನ್ನು ಹಿಡಿದುಕೊಂಡು — ನಾನು ಎಂಥವನು ಎಂದು ಅವತ್ತು ನನಗೆ ಅನ್ನಿಸಲಿಲ್ಲ. ಚೂರೂ ಅನ್ನಿಸಲಿಲ್ಲ. ಜಾಣತನ ಅನ್ನಿಸಿತು.

ಹುಲಗಪ್ಪ ಹಾರೆ ತಂದು ಬಾಗಿಲ ಸಂದಿಗೆ ಇಟ್ಟ. ನಿಮ್ಮ ತಂದೆ ಅವನ ಕೈ ಹಿಡಿದರು.

“ತಮ್ಮಾ, ಹಾರಿ ಹಾಕಬ್ಯಾಡ. ಒಡೀತೈತಿ. ನಾನ ತಗದು ಕೊಡ್ತೀನಿ.”

ತಾವೇ ತಿರುಗಣಿ ಬಿಚ್ಚಿದರು. ತಾವೇ ಒಂದು ಕಡೆ ಹಿಡಿದು ಜೀಪಿನ ತನಕ ತಂದರು, ಹಗ್ಗ ಕಟ್ಟುವ ಕಡೆ ಅಂಚು ಸವೆಯದಂತೆ ತಮ್ಮ ಹೆಗಲ ಮೇಲಿನ ವಸ್ತ್ರವನ್ನು ಮಡಚಿ ಇಟ್ಟರು. ಒಳಗೆ ನಿಮ್ಮ ಕೂಸು ಅಳುತ್ತಿತ್ತು. ಹುಲಗಪ್ಪ ತೊಟ್ಟಿಲು ತೋರಿಸಿ, “ಇದನ್ನೂ ಏರಸ್ಲೇನ್ರಿ?” ಎಂದು ಕೇಳಿದ. “ಇರ್ಲಿ ಬಿಡು, ಕೂಸಿಂದು,” ಎಂದೆ. ಗಂಗಾವತಿ ಮುಟ್ಟುವ ತನಕ ಆ ನನ್ನ ದೊಡ್ಡತನವನ್ನೇ ನೆನೆಯುತ್ತಿದ್ದೆ.

ಧಣಿ ಕಾಗದದ ಕತೆ ಕೇಳಿ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ. “ನಿಮ್ಮಪ್ಪ ಓದಿಸಿದ್ದು ದಂಡ ಆಗ್ಲಿಲ್ಲ ಬಿಡಪಾ,” ಎಂದು ಹೇಳಿ ಚಹಾ ತರಿಸಿದ. ಬಾಗಿಲನ್ನು ಮಿಲ್ಲಿನ ಹಿಂದಿನ ಕಕ್ಕಸಿಗೆ ಹಚ್ಚಿಸಿದ. ಚೌಕಟ್ಟಿಗೆ ಕೂಡಲಿಲ್ಲ ಎಂದು ಕೆಳಗೆ ಗೇಣುದ್ದ ಗರಗಸ ಹಾಕಿಸಿದ. ಗಿಳಿಗಳನ್ನು ಕೆತ್ತಿದ್ದ ಬಾಗಿಲು ಅದು.

ಮರುದಿನ ನಿಮ್ಮ ಮನೆಯ ಮುಂದೆ ಏನಾಯಿತೆಂದು ನನಗೆ ತಿಳಿದದ್ದು ಕೆಲವು ವಾರಗಳ ನಂತರ, ನಿಮ್ಮ ತಂದೆ ಫೈನಾನ್ಸಿಗೆ ಬಂದಾಗ. ಬೀಗರು ಗಾಡಿ ಇಳಿದರಂತೆ. ಬಾಗಿಲಿಲ್ಲದ ಕಡೆ ಜಮಖಾನ ತೂಗಿಬಿಟ್ಟಿದ್ದು ಕಂಡರಂತೆ. ಓಣಿಯವರು ಜಪ್ತಿಯ ಸುದ್ದಿ ಹೇಳಿದರಂತೆ. ನಿಮ್ಮ ಮಾವ ಹೊಸ್ತಿಲು ದಾಟಲಿಲ್ಲ. ಕೋರ್ಟು ಒಂದು ಮನೆಗೆ ಹೊಕ್ಕರೆ ಬೀಗರ ಮನೆಗೂ ಬರುತ್ತದೆ, ಸೊಸೆ ನಮ್ಮಲ್ಲಿದ್ದರೆ ಅವಳ ಅಪ್ಪನ ಸಾಲಕ್ಕೆ ನಮ್ಮ ಹತಾರಗಳನ್ನೂ ಒಯ್ಯುತ್ತಾರೆ ಎಂದು ಅವರ ಭಯ. ಅವರೂ ಬಡಗಿಗಳೇ. ಕಾಯಿದೆಯಲ್ಲಿ ಅಂಥದ್ದು ಇಲ್ಲವೇ ಇಲ್ಲ. ಅಪ್ಪ ಬದುಕಿರುವಾಗ ಅವನ ಸಾಲಕ್ಕೆ ಮಗಳೇ ಹೊಣೆಯಲ್ಲ, ಅಳಿಯನ ಮನೆಯವರು ಎಲ್ಲಿಂದ ಹೊಣೆ? ಆದರೆ ಅದನ್ನು ಹೇಳುವವರು ಯಾರಿದ್ದರು? ಕೂಸಿಗೆ ತಂದ ಕುಲಾಯಿ, ಅಂಗಿಗಳನ್ನು ಕಟ್ಟೆಯ ಮೇಲಿಟ್ಟು ಗಾಡಿ ತಿರುಗಿಸಿದರು.

ನಿಮ್ಮ ತಂದೆ ಇದನ್ನೆಲ್ಲ ನನ್ನ ಮೇಜಿನ ಮುಂದೆ ನಿಂತೇ ಹೇಳಿದರು. ಕುಳಿತುಕೊಳ್ಳಿ ಎಂದು ನಾನು ಹೇಳಲಿಲ್ಲ. ಉಳಿ, ಬಾಚಿ, ಗರಗಸ, ಉಜ್ಜುಗೊರಡು ಎಲ್ಲ ಮಾರಿ ಧಣಿ ಹೇಳಿದಷ್ಟನ್ನೂ ತಂದಿದ್ದರು. ಕೋರ್ಟಿನ ಅಮೀನನೂ ಮುಟ್ಟಬಾರದ ಹತಾರಗಳು — ಅವರೇ ಮಾರುವಂತೆ ನಾನು ಮಾಡಿದ್ದೆ.

ದುಡ್ಡು ಎಣಿಸಿಕೊಂಡೆ. ಅವರು ಹೋಗಲಿಲ್ಲ.

“ಸಾಹೇಬ್ರ, ಬಾಗ್ಲಾ ನೀವ ಇಟ್ಕೊರ್ರಿ. ನನಗ ಬ್ಯಾಡ. ಒಂದ ಉಪಕಾರ ಮಾಡ್ರಿ. ತಳಕಲ್ಲಿಗೆ ಬಂದು ನಮ್ಮ ಬೀಗರಿಗೆ ಒಂದ ಮಾತು ಹೇಳ್ರಿ, ಕೋರ್ಟಿಂದು ಎಲ್ಲಾ ಮುಗದೈತಿ ಅಂತ. ನಾ ಹೇಳಿದ್ರ ನಂಬವಲ್ರು. ನೀವು ಕೋರ್ಟಿನವ್ರು, ನಿಮ್ಮ ಮಾತು ನಂಬ್ತಾರ. ಹುಡುಗಿ ಬಾಳಿನ ಮಾತೈತಿ.”

ನೀಲಮ್ಮನವರೇ, ಬಾಗಿಲು ಒಯ್ದದ್ದು ನನ್ನ ಸಣ್ಣ ತಪ್ಪು. ದೊಡ್ಡದು ಇಲ್ಲಿದೆ.

ಒಂದು ಮಾತು. ಕೋರ್ಟಿನದು ಏನೂ ಇಲ್ಲ ಎಂಬ ಮಾತು ಸಾಕಿತ್ತು, ಮತ್ತು ಅದು ಖರೆಯೂ ಆಗಿತ್ತು. ಬಾಕಿ ತೀರಿತ್ತು. ಧಣಿಗೆ ನಷ್ಟವಿರಲಿಲ್ಲ. ನನ್ನ ನೌಕರಿಗೆ ಕುತ್ತಿರಲಿಲ್ಲ. ಹಾಗಾದರೆ ಯಾಕೆ ಹೋಗಲಿಲ್ಲ — ಹೇಳುತ್ತೇನೆ. ತಳಕಲ್ಲಿನಲ್ಲಿ ನನ್ನನ್ನು ಗುರುತಿಸುವವರಿದ್ದರು. ನನ್ನ ಸೋದರಮಾವ ಅಲ್ಲಿದ್ದ. ಅಲ್ಲಿ ನಾನು ಬಿ.ಎ. ಪಾಸಾದ ಕುರುಬರ ಹುಡುಗ, ಗಂಗಾವತಿ ಕಡೆ ಯಾವುದೋ ದೊಡ್ಡ ಆಫೀಸಿನಲ್ಲಿರುವವನು. ಅಲ್ಲಿ ಹೋಗಿ ಕೋರ್ಟಿನವನಂತೆ ನಿಂತರೆ ‘ಲೇ, ನೀ ಯಾವಾಗ ಕೋರ್ಟಿನವನಾದ್ಯೋ?’ ಎಂದು ಯಾರಾದರೂ ಕೇಳುತ್ತಿದ್ದರು. ಕೋರ್ಟಿನವನಲ್ಲ ಎಂದರೆ ಬಡಗಿಯ ಮನೆಯ ಬಾಗಿಲು ಕಿತ್ತವನು ಎಂದು ತಿಳಿಯುತ್ತಿತ್ತು. ಆ ‘ಬರ್ರಿ’ಯಲ್ಲಿನ ‘ರಿ’ ಹೋಗುತ್ತಿತ್ತು. ಅಷ್ಟೇ. ನನ್ನ ‘ರಿ’ ಒಂದು ಕಡೆ, ನಿಮ್ಮ ಸಂಸಾರ ಒಂದು ಕಡೆ. ನಾನು ತೂಗಿ ನೋಡಿದೆ.

“ಕೋರ್ಟಿನವ್ರು ಹಂಗ ಮನಿಮನಿಗೆ ಹೋಗಿ ಹೇಳ್ಕೊಂತ ತಿರುಗಂಗಿಲ್ಲ. ನಡೀರಿನ್ನ,” ಎಂದೆ.

ಅವರು ಕೈಮುಗಿದು ಹೋದರು. ಹೋಗುವಾಗ ಮಿಲ್ಲಿನ ಹಿಂದೆ ನೀರು ಕುಡಿಯಲು ಹೋಗಿ ಆ ಕಕ್ಕಸಿನ ಬಾಗಿಲನ್ನು ಕಂಡರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಗರಗಸ ಹಾಕಿದ ಅಂಚಿನ ಮೇಲೆ ಕೈ ಇಟ್ಟು ಸ್ವಲ್ಪ ಹೊತ್ತು ನಿಂತಿದ್ದರು. ಒಳಗಿದ್ದ ಹಮಾಲನೊಬ್ಬ ಹೊರಗೆ ಬಂದು, “ಏ ಮುದುಕಾ, ಸರಿ,” ಎಂದ. ಸರಿದರು.

ಮುಂದಿನದು ನಿಮಗೇ ಗೊತ್ತು. ನಿಮ್ಮ ಗಂಡ ಈರಣ್ಣ ಬೇರೆ ಮದುವೆಯಾದರು. ನಿಮ್ಮ ತಂದೆ ಹತಾರವಿಲ್ಲದೆ ಕಟ್ಟಿಗೆ ಅಡ್ಡೆಯಲ್ಲಿ ಕೂಲಿಗೆ ಹೋಗಿ, ಅಲ್ಲಿಯೇ ಮೈ ಕೆಟ್ಟು ತೀರಿಕೊಂಡರು. ನೀವು ಹನುಮಸಾಗರದಲ್ಲೇ ಉಳಿದು ಖಾನಾವಳಿಗೆ ರೊಟ್ಟಿ ಬಡಿದುಕೊಡುತ್ತ ಮಗಳನ್ನು ಸಾಲಿಗೆ ಕಳಿಸುತ್ತಿದ್ದೀರಿ. ನಾನು? ನನಗೆ ಮುನಿರಾಬಾದಿನ ನೀರಾವರಿ ಆಫೀಸಿನಲ್ಲಿ ಗುಮಾಸ್ತನ ಕೆಲಸ ಸಿಕ್ಕಿತು. ಕ್ವಾರ್ಟರ್ಸು, ಫ್ಯಾನು, ಕುರ್ಚಿ. ಅದೇ ಪದವಿ ಪತ್ರವನ್ನು ತೋರಿಸಿಯೇ ಸಿಕ್ಕಿತು.

ಈ ಬೇಸಿಗೆಯಲ್ಲಿ ಕಾಲೊನಿಯ ಕಿಟಕಿ ಬಾಗಿಲು ರಿಪೇರಿಗೆ ತಳಕಲ್ಲಿನ ಬಡಗಿಯೊಬ್ಬ ಬಂದಿದ್ದ. ಹೆಸರು ಕೇಳಿದೆ. ಈರಣ್ಣ. ಮಾತಿಗೆ ಮಾತು ಬಂದು ಹನುಮಸಾಗರದ ಸಂಬಂಧವೂ ಬಂತು. ಆವತ್ತು ಅವನು ಹೋಗಿಬಿಟ್ಟಿದ್ದರೆ ಈಗಲೂ ನಾನು ಬಾಯಿ ಬಿಡುತ್ತಿರಲಿಲ್ಲವೇನೋ — ಆದರೆ ಅವನು ಸುಮ್ಮನೆ ಬೀಡಿ ಹಚ್ಚುತ್ತ, “ಜಪ್ತಿ ಆದ ಮನಿ ನೋಡ್ರಿ, ಅದಕ್ಕ ಬಿಡಬೇಕಾತು,” ಎಂದ. ಋತು ಬದಲಾದದ್ದನ್ನು ಹೇಳುವ ಹಾಗೆ ಹೇಳಿದ. ಆಗ ಹೇಳಿದೆ. ಎಲ್ಲ ಹೇಳಿದೆ.

ಅವನು ನನ್ನನ್ನು ಹೊಡೆಯಲಿಲ್ಲ. ಬೀಡಿ ಆರಿಹೋಯಿತು, ಮತ್ತೆ ಹಚ್ಚಲಿಲ್ಲ.

“ಆಕಿ ಹೇಳಿದ್ಳ್ರಿ,” ಎಂದ ಕಡೆಗೆ. “ಆಗ ಹೇಳಿ ಕಳಿಸಿದ್ಳು. ಖರೇ ಕೋರ್ಟಿನವ್ರಾಗಿದ್ರ ಬೀಗರು ಬರೋ ದಿನ ಅವರಿಗೆ ಹ್ಯಾಂಗ ಗೊತ್ತಾಕ್ಕಿತ್ತು, ಇವರು ಬ್ಯಾರೆ ಯಾರೋ ಅದಾರ, ಕುಷ್ಟಗಿಗೆ ಹೋಗಿ ಯಾರರ ವಕೀಲರನ್ನ ಕೇಳ್ರಿ ಅಂತ. ನಮ್ಮವ್ವ ಅಂದ್ಲು, ಇಂಗ್ಲಿಷ್ ಓದಿದವರು ಸುಳ್ಳು ಹೇಳ್ತಾರೇನು, ಸಾಲಿ ಬಿಟ್ಟ ಹುಡುಗಿ ಖರೇ ಹೇಳ್ತಾಳೇನು ಅಂತ. ನಾನೂ ಹಂಗ ಅಂದ್ಕೊಂಡೆ.”

ಹತಾರಗಳನ್ನು ಚೀಲಕ್ಕೆ ತುಂಬುತ್ತ, “ಈಗ ಹೇಳಿ ನೀವೇನು ಮಾಡ್ದಂಗಾತು? ನನಗ ಆಕಡೆ ಎರಡು ಮಕ್ಕಳದಾವ,” ಎಂದ. ಚೀಲ ಹೆಗಲಿಗೇರಿಸಿ, “ನನಗ ಯಾಕ ಹೇಳಿದ್ರಿ? ಆಕೀಗೆ ಹೇಳಬೇಕಿತ್ತು ಮದ್ಲ,” ಎಂದು ಹೋದ. ಆ ದಿನದ ಕೂಲಿಯನ್ನೂ ಇಸಿದುಕೊಳ್ಳಲಿಲ್ಲ.

ನಾನು ಅದುವರೆಗೆ ತಿಳಿದಿದ್ದೆ — ನನ್ನ ಸುಳ್ಳು ಎಲ್ಲರನ್ನೂ ನಂಬಿಸಿತು, ಹಾಗಾಗಿ ಎಲ್ಲ ಕೆಟ್ಟಿತು ಎಂದು. ಹಾಗಲ್ಲ. ಒಬ್ಬರು ನಂಬಿರಲಿಲ್ಲ. ಕತ್ತಲೆಯ ಕೋಣೆಯಲ್ಲಿ, ಹಸಿಮೈಯಲ್ಲಿ, ನನ್ನ ಮುಖವನ್ನೂ ನೋಡದೆ ನೀವು ನನ್ನನ್ನು ಹಿಡಿದಿದ್ದಿರಿ. ಖರೆ ನಿಮ್ಮ ಹತ್ತಿರವಿತ್ತು. ನನ್ನ ಓದು ಅದರ ಬಾಯಿ ಮುಚ್ಚಿಸಿತು.

ಈಗ ಇಷ್ಟು ಮಾಡುತ್ತೇನೆ. ಇದು ಅಚ್ಚಾದ ವಾರ ಹನುಮಸಾಗರಕ್ಕೆ ಬರುತ್ತೇನೆ. ಹಗಲು ಹೊತ್ತಿನಲ್ಲಿ, ಓಣಿಯಲ್ಲಿ ಜನ ಇರುವಾಗ. ನಿಮ್ಮ ಮನೆಯೊಳಗೆ ಬರುವುದಿಲ್ಲ, ಕರೆಯಬೇಡಿ. ಹೊರಗೆ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳುತ್ತೇನೆ. ಅಲ್ಲಿಂದ ತಳಕಲ್ಲಿಗೆ ಹೋಗಿ ನಿಮ್ಮ ಅತ್ತೆಯ ಮುಂದೆ, ನನ್ನ ಸೋದರಮಾವನ ಮುಂದೆ ಹೇಳುತ್ತೇನೆ. ಬಡತನವಿತ್ತು ಎನ್ನುವುದಿಲ್ಲ. ನಿಮ್ಮ ಮನೆಯಲ್ಲೂ ಬಡತನವಿತ್ತು. ಧಣಿ ಹೇಳಿದ ಎನ್ನುವುದಿಲ್ಲ. ಉಪಾಯ ನನ್ನದು. ಕ್ಷಮಿಸಿ ಎಂದು ಕೇಳುವುದಿಲ್ಲ, ಕೇಳಿದರೆ ಕೊಡುವ ಭಾರವನ್ನೂ ನಿಮ್ಮ ಮೇಲೆಯೇ ಹೇರಿದಂತಾಗುತ್ತದೆ.

ನೀಲಮ್ಮ ಅವತ್ತೇ ಹೇಳಿದ್ದರು, ಅವರು ಹೇಳಿದ್ದೇ ಖರೆ, ನಾನು ಸುಳ್ಳ — ಇದಿಷ್ಟನ್ನೇ ಹೇಳುತ್ತೇನೆ. ನಿಮ್ಮ ಮಗಳು ಸಾಲಿ ಮುಗಿಸಿ ಮನೆಗೆ ಬರುವ ತನಕ ನಿಂತಿದ್ದು, ಆಕೆಗೂ ಕೇಳುವ ಹಾಗೆ ಇನ್ನೊಮ್ಮೆ ಹೇಳುತ್ತೇನೆ. ಆಮೇಲೆ ನೀವು ಪೊಲೀಸರಿಗೆ ಹೇಳಿ ಕಳಿಸಿದರೆ, ಅವರು ಬರುವವರೆಗೆ ಅಲ್ಲೇ ಕುಳಿತಿರುತ್ತೇನೆ.